ಕೊನೆಯ ಏಕವಚನ

ನಮ್ಮ ಊರಿನಲ್ಲಿ ಗುಂಡಿಗೆ ಬಿದ್ದವರು ಉದ್ಧಾರವಾಗುತ್ತಾರೆ. ಗಾಬರಿಯಾಗಬೇಡಿ, ನಾನು ಹೇಳುತ್ತಿರುವುದು ಅಂಗಿಯ ಗುಂಡಿಯ ಮಾತು. ಹೊಳೆಯಲ್ಲಿ ಸಿಗುವ ಚಿಪ್ಪನ್ನು ಕೊರೆದು, ತಿಕ್ಕಿ, ತೂತು ಹಾಕಿ ಗುಂಡಿ ಮಾಡುವ ಕಂಪನಿಯೊಂದು ನನ್ನ ತಾತನ ಕಾಲದಿಂದಲೂ ಇಲ್ಲಿದೆ. ಅದರಲ್ಲಿ ಯಾರಿಗಾದರೂ ಕೆಲಸ ಸಿಕ್ಕರೆ 'ಅವನೂ ಗುಂಡಿಗೆ ಬಿದ್ದನಂತೆ' ಎಂದು ಊರವರು ಸಂತೋಷದಿಂದಲೇ ಹೇಳಿಕೊಳ್ಳುತ್ತಾರೆ. ಚಿಪ್ಪಿನ ಪುಡಿ ಗಾಳಿಯಲ್ಲಿ ತೇಲಿ ಬಂದು ಹೆಂಚಿನ ಮೇಲೆ, ಎಮ್ಮೆಗಳ ಬೆನ್ನಿನ ಮೇಲೆ, ಒಣಹಾಕಿದ ಸೀರೆಗಳ ಮೇಲೆ ಕೂರುತ್ತದೆ. ಸಂಜೆ ಬಿಸಿಲು ಓರೆಯಾದಾಗ ಊರಿಗೆ ಊರೇ ಮುತ್ತಿನ ಬಣ್ಣಕ್ಕೆ ತಿರುಗುತ್ತದೆ. ಆ ಹೊತ್ತಿನಲ್ಲಿ ಎದುರಿಗೆ ಬಂದವರ ಮುಖ ಸರಿಯಾಗಿ ಕಾಣುವುದಿಲ್ಲ, ಹುಬ್ಬು ಮಾತ್ರ ಹೊಳೆಯುತ್ತಿರುತ್ತದೆ. ಹುಬ್ಬು ನೋಡಿಯೇ ಇಂಥವರು ಎಂದು ಗುರುತು ಹಿಡಿಯುವುದು ನಮಗೆಲ್ಲ ಚಿಕ್ಕಂದಿನಿಂದ ರೂಢಿ.

ಈ ಕಂಪನಿಯಲ್ಲಿ ಮೇಲೇರಿದವರನ್ನು ಏಕವಚನದಲ್ಲಿ ಮಾತಾಡಿಸಲು ಆಗುವುದಿಲ್ಲ. ಮಾತಾಡಿಸಬಾರದು ಎಂಬ ಕಟ್ಟಳೆಯಲ್ಲ, ಆಗುವುದೇ ಇಲ್ಲ. ನಾಲಿಗೆ ತಾನಾಗಿ ಹೊರಳಿಬಿಡುತ್ತದೆ. ಸೂಪರ್‌ವೈಸರ್ ಆದೇಶಕ್ಕೆ ಸಹಿ ಬಿದ್ದ ಗಳಿಗೆಯಿಂದ ಅಂಗಡಿಯವರ, ಬೀದಿಯವರ ಬಾಯಲ್ಲಿ 'ಬಾ' ಎಂಬುದು 'ಬನ್ನಿ' ಆಗುತ್ತದೆ. ಅಸಿಸ್ಟೆಂಟ್ ಮ್ಯಾನೇಜರ್ ಆದರೆ ನೆಂಟರಿಷ್ಟರ, ಗೆಳೆಯರ ನಾಲಿಗೆ ಹೊರಳುತ್ತದೆ. ಮ್ಯಾನೇಜರ್ ಆದರೆ ಮನೆಯವರದು. ಆದರೆ ಆಗಲೂ ಒಬ್ಬರು ಉಳಿಯುತ್ತಾರೆ. ಆ ಒಬ್ಬರು ತಾಯಿಯೋ, ಅಣ್ಣನೋ, ಸಾಕಿದ ಅತ್ತೆಯೋ ಎಂಬುದನ್ನು ಯಾರೂ ಆರಿಸುವಂತಿಲ್ಲ, ಮಾತಾಡಿದಾಗಲೇ ಗೊತ್ತಾಗುವುದು. ಜನರಲ್ ಮ್ಯಾನೇಜರ್ ಆದ ದಿನ ಆ ಕೊನೆಯ ನಾಲಿಗೆಯೂ ಹೊರಳುತ್ತದೆ. ಆಮೇಲೆ ಆ ಮನುಷ್ಯರನ್ನು 'ನೀನು' ಎನ್ನುವವರು ಊರಿನಲ್ಲಿ ಒಬ್ಬರೂ ಇರುವುದಿಲ್ಲ.

ಇದನ್ನು ನಾವು ದೊಡ್ಡ ವಿಷಯ ಮಾಡಿಕೊಂಡವರಲ್ಲ. ಜನ ಎಲ್ಲದಕ್ಕೂ ಒಗ್ಗಿಕೊಳ್ಳುತ್ತಾರೆ. ಹೆತ್ತ ಮಗನಿಗೆ 'ಬನ್ನಿ' ಎನ್ನಲು ಮನಸ್ಸಾಗದ ತಾಯಂದಿರು ಒಂದು ಉಪಾಯ ಕಂಡುಕೊಂಡಿದ್ದಾರೆ. ಅದಕ್ಕೆ ನಮ್ಮಲ್ಲಿ ನಡುಮಾತು ಎನ್ನುತ್ತೇವೆ. 'ಊಟ ಆಯ್ತಾ?', 'ನಿದ್ದೆ ಬಂತಾ?', 'ನೀರು ಕಾದಿದೆ', 'ಹೊರಟಿದ್ದು ಎಲ್ಲಿಗೋ?' ಹೀಗೆ ನೀನೂ ಇಲ್ಲದ ನೀವೂ ಇಲ್ಲದ ಮಾತಿನಲ್ಲಿ ದಿನವಿಡೀ ಸಂಸಾರ ಸಾಗಿಸುತ್ತಾರೆ. ಜಗಳ ಮಾತ್ರ ನಡುಮಾತಿನಲ್ಲಿ ಆಗುವುದಿಲ್ಲ. ಒಮ್ಮೆ ನಮ್ಮ ಬೀದಿಯಲ್ಲಿ ಮ್ಯಾನೇಜರ್ ಆಗಿದ್ದ ತಮ್ಮನೊಂದಿಗೆ ಅಣ್ಣ ಜಗಳ ತೆಗೆದು, ಸಿಟ್ಟಿನಲ್ಲಿ ಕೆಂಪಗಾಗಿ, 'ಕತ್ತೆಯವರೇ, ತಾವು ಇಲ್ಲಿಂದ ತೊಲಗಿ' ಎಂದುಬಿಟ್ಟಿದ್ದ. ಜಗಳ ಅಲ್ಲಿಗೇ ನಿಂತಿತು. ಇಬ್ಬರೂ ನಗುತ್ತಾ ಒಳಗೆ ಹೋದರು.

ನನ್ನದು ಫೋಟೊ ಸ್ಟುಡಿಯೊ. ಬಡ್ತಿಯಾದವರ ಫೋಟೊ ತೆಗೆದು ಕಂಪನಿಯ ಮೆಟ್ಟಿಲ ಪಕ್ಕದ ಗೋಡೆಗೆ ಹಾಕುವುದು ಪದ್ಧತಿ. ಮೊದಲು ಅಪ್ಪ ತೆಗೆಯುತ್ತಿದ್ದರು, ಆಮೇಲೆ ನಾನು. ಹಾಗಾಗಿ ನನ್ನ ಜತೆ ಗೋಲಿಯಾಡಿದವರೆಲ್ಲ ಒಬ್ಬೊಬ್ಬರಾಗಿ ಬಹುವಚನವಾದದ್ದು ನನ್ನ ಕ್ಯಾಮೆರಾದ ಮುಂದೆಯೇ. 'ತಲೆ ಸ್ವಲ್ಪ ಎತ್ತೋ' ಎನ್ನಲು ಹೋಗುತ್ತೇನೆ, 'ಎತ್ತಿ' ಎಂದು ಬರುತ್ತದೆ. ಕುರ್ಚಿಯಲ್ಲಿ ಕೂತವನ ಮುಖದಲ್ಲಿ ಆಗ ಒಂದು ಚೂರು ಹೆಮ್ಮೆ, ಒಂದು ಚೂರು ಪೆಚ್ಚು ಬೆರೆತು ಕಾಣುತ್ತದೆ. ಸರಿಯಾಗಿ ಅದೇ ಕ್ಷಣಕ್ಕೆ ನಾನು ಗುಂಡಿ ಒತ್ತುತ್ತೇನೆ. ನನ್ನ ಫೋಟೊಗಳಿಗೆ ಊರಿನಲ್ಲಿ ಹೆಸರು ಬಂದಿರುವುದು ಇದೊಂದೇ ಕಾರಣಕ್ಕೆ.

ನನ್ನ ಹೆಂಡತಿ ಮಂದಾಕಿನಿ ಆ ಗೋಡೆಯ ಮೇಲೆ ನಾಲ್ಕು ಕಡೆ ಇದ್ದಾಳೆ. ಮದುವೆಯಾಗಿ ಬಂದಾಗ ಅವಳು ಗುಂಡಿ ಆರಿಸುವ ವಿಭಾಗದಲ್ಲಿದ್ದಳು. ಹೆಸರು ಮಂದಾಕಿನಿಯಾದರೂ ಮಂದವಾದದ್ದು ಅವಳಲ್ಲಿ ಯಾವುದೂ ಇರಲಿಲ್ಲ. ನಾನು ಮಂದಿ ಎಂದು ಕರೆಯುತ್ತಿದ್ದೆ, ಅವಳು ನನ್ನನ್ನು ಎಲ್ಲ ಹೆಂಡತಿಯರಂತೆ 'ರೀ' ಎನ್ನುತ್ತಿದ್ದಳು. ಒಂದು ಕೆಲಸ ಕೈಗೆ ಹತ್ತಿತು ಎನ್ನುವಷ್ಟರಲ್ಲಿ ಪಕ್ಕದಲ್ಲಿರುವವರಿಗೆ ಅದನ್ನು ಕಲಿಸಿ, ತಾನು ಇನ್ನೊಂದು ವಿಭಾಗಕ್ಕೆ ಹೋಗುತ್ತೇನೆ ಎಂದು ಕೇಳುವುದು ಅವಳ ಸ್ವಭಾವ. ಸೂಪರ್‌ವೈಸರ್ ಆದ ಮೇಲೆ ಎಲ್ಲರೂ ಮುಂದಿನ ಬಡ್ತಿಗೆ ಕಣ್ಣಿಟ್ಟು ಕೂತಿದ್ದರೆ ಇವಳು ಹೊಳಪು ವಿಭಾಗಕ್ಕೆ ಹಾಕಿ ಎಂದು ಅರ್ಜಿ ಕೊಟ್ಟಳು. ಅಲ್ಲಿ ಆಮ್ಲದ ತೊಟ್ಟಿಗಳ ವಾಸನೆಗೆ ಊಟ ಸೇರುವುದಿಲ್ಲ, ಬಡ್ತಿಯೂ ಇಲ್ಲ.

"ಎಲ್ಲರೂ ಮೇಲೆ ಹೋಗೋಕೆ ಒದ್ದಾಡ್ತಿದ್ರೆ ನೀನ್ಯಾಕೆ ಪಕ್ಕಕ್ಕೆ ಹೋಗ್ತೀಯೆ?" ಎಂದು ಕೇಳಿದ್ದೆ.

"ಮೇಲೆ ಹೋದ್ಮೇಲೆ ಕೆಳಗಿಳಿದು ಬಂದು ಕಲಿಯೋಕಾಗಲ್ಲ ರೀ. ಗೊತ್ತಿಲ್ಲ ಅಂತ ಹೇಳ್ಕೊಳ್ಳೋಕೆ ಈಗ ಮಾತ್ರ ಆಗೋದು," ಎಂದಳು.

ಅವಳಿಗೆ ಇದ್ದ ಒಂದೇ ಕೊರತೆ ಎಂದರೆ ಸಭೆಯಲ್ಲಿ ಬಾಯಿ ಕಟ್ಟುತ್ತಿತ್ತು. ಗೊತ್ತಿದ್ದ ಉತ್ತರವನ್ನು ಹೇಳುವಷ್ಟರಲ್ಲಿ ಬೇರೆಯವರು ಹೇಳಿ ಮುಗಿಸಿರುತ್ತಿದ್ದರು. ಅದಕ್ಕೆ ನಾವಿಬ್ಬರೂ ಸಂಜೆ ಸ್ಟುಡಿಯೊ ಬಾಗಿಲು ಹಾಕಿಕೊಂಡು ಅಭ್ಯಾಸ ಮಾಡುತ್ತಿದ್ದೆವು. ಕೊಳ, ಹಂಸ, ಅಮೃತಶಿಲೆಯ ಕಂಬ ಬರೆದ ಹಳೆಯ ಪರದೆಯ ಮುಂದೆ ಅವಳು ನಿಲ್ಲುವುದು, ನಾನು ಎದುರಿಗೆ ಕಾಲ ಮೇಲೆ ಕಾಲು ಹಾಕಿಕೊಂಡು ನಿರ್ದೇಶಕ ಮಂಡಳಿಯಾಗುವುದು.

"ಈ ವರ್ಷ ಚಿಪ್ಪು ಯಾಕೆ ಕಮ್ಮಿ ಬಂತು?" ಎಂದು ಗಡುಸಾಗಿ ಕೇಳುತ್ತಿದ್ದೆ.

"ಹೊಳೆ ಪಾತ್ರ ಬದಲಾಯಿಸಿದೆ ಸರ್. ನಾವು ದೋಣಿ ಹಾಕೋ ಜಾಗ ಬದಲಾಯಿಸಿಲ್ಲ."

"ಅದಕ್ಕೆ ನಿನ್ನ ಸಲಹೆ ಏನು?"

"ಮಂಡಳಿಯವರು ನಿನ್ನ ಅನ್ನಲ್ಲ ರೀ, ನಿಮ್ಮ ಅಂತಾರೆ," ಎಂದು ಅವಳು ನಗುತ್ತಿದ್ದಳು. ನಾನು ತಿದ್ದಿಕೊಳ್ಳುತ್ತಿರಲಿಲ್ಲ. ಪರದೆಯ ಹಂಸಗಳು ಕತ್ತಲಾಗುತ್ತಾ ಬರುತ್ತಿದ್ದವು, ಅವಳ ದನಿ ಮಾತ್ರ ದಿನದಿಂದ ದಿನಕ್ಕೆ ಗಟ್ಟಿಯಾಗುತ್ತಾ ಹೋಯಿತು. ನನ್ನ ಬದುಕಿನ ಒಳ್ಳೆಯ ಸಂಜೆಗಳು ಯಾವುವು ಎಂದು ಕೇಳಿದರೆ ನಾನು ಅವನ್ನೇ ಹೇಳುತ್ತೇನೆ.

ಅವಳು ಮ್ಯಾನೇಜರ್ ಆದ ದಿನ ಫೋಟೊ ಮುಗಿಸಿ ಇಬ್ಬರೂ ಅವಳ ತಾಯಿ ಭಾಗೀರಥಮ್ಮನವರ ಮನೆಗೆ ಹೋದೆವು. ನಮಗೆ ಮಕ್ಕಳಿಲ್ಲ. ಹಾಗಾಗಿ ಉಳಿಯುವ ಆ ಒಬ್ಬರು ತಾಯಿಯೇ ಎಂದು ನಾವಿಬ್ಬರೂ ಮಾತಿಲ್ಲದೆ ಅಂದುಕೊಂಡಿದ್ದೆವು. ಅತ್ತೆ ಅಡುಗೆಮನೆಯಿಂದ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದವರು ಮಗಳನ್ನು ನೋಡಿ, ಬಾಯ್ತುಂಬ ನಗುತ್ತಾ, "ಬನ್ನಿ," ಎಂದರು. ಎಂದವರೇ ಬಾಯಿ ಮುಚ್ಚಿಕೊಂಡರು. ಇನ್ನೊಮ್ಮೆ ಪ್ರಯತ್ನಿಸಿದರು. "ಕೂತ್ಕೊಳ್ಳಿ" ಎಂದು ಬಂತು. ಆಮೇಲೆ ನನ್ನ ಕಡೆ ತಿರುಗಿ, "ನೀವು ಮಾತಾಡ್ಸಿ ನೋಡೋಣ," ಎಂದರು.

"ಮಂದಿ, ನೀರು ಕುಡೀತೀಯಾ?" ಎಂದೆ. ನನ್ನ ನಾಲಿಗೆ ಹೊರಳಿರಲಿಲ್ಲ.

ಅತ್ತೆ ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟರು. ಒಗ್ಗರಣೆ ಸೀದ ವಾಸನೆ ಬಂದ ಮೇಲೆ ಎದ್ದರು. "ಒಂಬತ್ತು ತಿಂಗಳು ಹೊತ್ತವಳದ್ದು ಹೋಯ್ತು, ತಾಳಿ ಕಟ್ಟಿದವರದ್ದು ಉಳೀತು," ಎಂದು ಒಲೆಯ ಮುಂದೆ ತಮ್ಮಷ್ಟಕ್ಕೆ ಹೇಳಿಕೊಂಡರು. ಅಂದಿನಿಂದ ಅವರದು ನಡುಮಾತು. ನಾನು ಅವರೆದುರಿಗೆ ಮಂದಾಕಿನಿಯನ್ನು 'ನೀನು' ಎಂದರೆ ಅವರು ಬೇರೆ ಕಡೆ ಮುಖ ತಿರುಗಿಸುತ್ತಿದ್ದರು. ನನಗೆ ಪಾಪ ಎನ್ನಿಸುತ್ತಿತ್ತು. ಒಳಗೊಳಗೇ, ಸುಳ್ಳು ಯಾಕೆ, ಜಂಬವೂ ಆಗುತ್ತಿತ್ತು. ಇಡೀ ಊರಿನಲ್ಲಿ ಮಂದಾಕಿನಿ ಮೇಡಂ ಅವರನ್ನು 'ಏಳೇ, ಹೊತ್ತಾಯ್ತು' ಎಂದು ಎಬ್ಬಿಸುವವನು ನಾನೊಬ್ಬನೇ.

ವರ್ಷಗಳು ಕಳೆದವು. ಜನರಲ್ ಮ್ಯಾನೇಜರ್ ಧರಣೇಂದ್ರಯ್ಯನವರು ನಿವೃತ್ತರಾಗುವ ಕಾಲ ಬಂತು. ಆ ಕುರ್ಚಿಗೆ ಎರಡು ಹೆಸರು ಕೇಳಿಬರುತ್ತಿದ್ದವು. ಒಂದು ಖಜಾನೆ ವಿಭಾಗದ ಅಚ್ಯುತಯ್ಯ, ಇನ್ನೊಂದು ಮಂದಾಕಿನಿ. ಅಚ್ಯುತಯ್ಯನಿಗೆ ಉಳಿದಿದ್ದ ಸೋದರಮಾವ ಹಿಂದಿನ ವರ್ಷ ತೀರಿಕೊಂಡಿದ್ದರಿಂದ ಅವನು ಕುರ್ಚಿಯಲ್ಲಿ ಕೂರುವ ಮೊದಲೇ ಪೂರ್ತಿ ಬಹುವಚನವಾಗಿದ್ದ. ಕಳೆದುಕೊಳ್ಳಲು ಏನೂ ಇಲ್ಲದವನು ಎಂದು ಮಂಡಳಿಯ ಕೆಲವರಿಗೆ ಅವನ ಮೇಲೆ ಒಲವಿತ್ತು. ಆದರೂ ಎಲ್ಲ ವಿಭಾಗಗಳನ್ನು ಕಂಡವಳು ಇವಳೊಬ್ಬಳೇ ಎಂದು ಕೊನೆಗೆ ಮಂದಾಕಿನಿಯನ್ನೇ ಕರೆದು, ಬರುವ ಸೋಮವಾರದೊಳಗೆ ಒಪ್ಪಿಗೆ ತಿಳಿಸಿ ಎಂದರು. ಇದುವರೆಗೆ ಹೆಂಗಸೊಬ್ಬಳು ಆ ಕುರ್ಚಿಯ ಹತ್ತಿರ ಹೋಗಿರಲಿಲ್ಲ.

ಅವಳು ಮನೆಗೆ ಬಂದು ಸುದ್ದಿ ಹೇಳಿದಾಗ ನಾನು ಸಂತೋಷಪಟ್ಟೆ. ಆಮೇಲೆ ನನಗೆ ಹೊಳೆಯಿತು. ಅವಳು ಕೂತರೆ ನನ್ನ 'ನೀನು' ಹೋಗುತ್ತದೆ. ಕೂರದಿದ್ದರೆ ಅವಳು ಇಷ್ಟು ವರ್ಷ ಪಕ್ಕಕ್ಕೂ ಮೇಲಕ್ಕೂ ನಡೆದ ನಡಿಗೆಯೆಲ್ಲ ಅರ್ಧಕ್ಕೆ ನಿಲ್ಲುತ್ತದೆ. ಅದು ಅವಳಿಗೂ ಗೊತ್ತಿತ್ತು. ಇಬ್ಬರೂ ಅದರ ಸುತ್ತಲೇ ಓಡಾಡಿದೆವು, ಅದನ್ನು ಮುಟ್ಟಲಿಲ್ಲ.

ನಾನು ಮಾಡಿದ್ದೇನೆಂದರೆ, ಬರಗಾಲ ಬರುತ್ತದೆಂದು ಅಕ್ಕಿ ಕೂಡಿಡುವವರಂತೆ 'ನೀನು' ಕೂಡಿಡತೊಡಗಿದೆ. ಬೆಳಗ್ಗೆ ಎದ್ದ ಕೂಡಲೇ, "ನೀನು ಎದ್ಯಾ? ನೀನು ಮುಖ ತೊಳ್ಕೊಂಡ್ಯಾ? ನೀನು ಕಾಫಿ ಕುಡಿ, ನೀನು ಆ ನೀಲಿ ಸೀರೆ ಉಟ್ಕೋ, ನಿನಗೆ ಅದು ಒಪ್ಪುತ್ತೆ." ಬೀದಿಯಲ್ಲಿ ಅವಳ ಹಿಂದೆಯೇ ಹೋಗಿ, "ನೀನು ಕೊಡೆ ಮರೆತೆ," ಎಂದು ಎಲ್ಲರಿಗೂ ಕೇಳುವಂತೆ ಕೂಗಿದೆ. ಅಂದು ಮೋಡವೇ ಇರಲಿಲ್ಲ. ಮೂರನೆಯ ದಿನ ಅವಳು ಚಪಾತಿ ಲಟ್ಟಿಸುತ್ತಿದ್ದವಳು ಲಟ್ಟಣಿಗೆ ಕೆಳಗಿಟ್ಟಳು.

"ಒಂದು ಲೋಟ ನೀರು ಕೇಳೋಕೆ ಎಷ್ಟು ಸಲ ನೀನು ಅಂತೀರಾ?"

"ನೀನೇ ಅಲ್ವಾ ನೀರು ಕೊಡೋಳು?"

"ಹೀಗೆ ಮಾಡಿದ್ರೆ ಅದು ಈಗಲೇ ಸವೆದು ಹೋಗುತ್ತೆ ನೋಡಿ," ಎಂದಳು. ನಗುತ್ತಾಳೆ ಎಂದುಕೊಂಡೆ, ನಗಲಿಲ್ಲ. ಹಿಟ್ಟಿನ ಕೈಯಲ್ಲೇ ಕಣ್ಣು ಒರೆಸಿಕೊಂಡಳು, ಹುಬ್ಬೆಲ್ಲ ಬಿಳಿಯಾಯಿತು. "ನಾಳೆ ಧರಣೇಂದ್ರಯ್ಯ ಸರ್ ಮನೆಗೆ ಹೋಗಿ ಬರೋಣ. ಅಲ್ಲಿ ಕೂತವರನ್ನೇ ಕೇಳೋಣ," ಎಂದಳು.

ಧರಣೇಂದ್ರಯ್ಯನವರ ಮನೆ ಹೊಳೆಯ ದಂಡೆಯಲ್ಲಿತ್ತು. ನಾವು ಹೋದಾಗ ಮುತ್ತಿನ ಬೆಳಕಿನ ಹೊತ್ತು. ಜಗಲಿ, ಕಂಬ, ಕಂಬಕ್ಕೆ ತೂಗುಹಾಕಿದ್ದ ಗಿಳಿಯ ಪಂಜರ ಎಲ್ಲವೂ ನೀರಿನೊಳಗೆ ಇದ್ದಂತೆ ಅಲುಗುತ್ತಿದ್ದವು. ಅವರು ಎದ್ದು ನಿಂತು ಬರಮಾಡಿಕೊಂಡರು. ಗಿಳಿಯೂ "ಬನ್ನಿ, ಬನ್ನಿ" ಎಂದಿತು. 'ಬಾರೋ' ಎಂದು ಕಲಿಸಲು ತಾವು ಎಷ್ಟೋ ವರ್ಷ ಹೆಣಗಿದ್ದಾಗಿ ಅವರು ಹೇಳಿದರು. ತಮ್ಮ ಮುಂದೆ ಅದರ ಕೊಕ್ಕೂ ಹೊರಳುತ್ತದಂತೆ. ಬೆಕ್ಕು ಬಂದರೆ ಮಾತ್ರ 'ಹೋಗೇ' ಎನ್ನುತ್ತದಂತೆ. ಅವರ ಹೆಂಡತಿ ಪದ್ಮಾವತಮ್ಮ ಅವಲಕ್ಕಿ ತಂದಿಟ್ಟು ಬಾಗಿಲ ಬಳಿ ಕೂತರು.

"ಅಲ್ಲಿ ಕೂತ್ಮೇಲೆ ಹೇಗಿರುತ್ತೆ ಸರ್?" ಎಂದು ಮಂದಾಕಿನಿ ಕೇಳಿದಳು.

"ಕುರ್ಚಿ ಚೆನ್ನಾಗಿದೆ. ಬೆನ್ನಿಗೆ ಹಿತ," ಎಂದರು. ಅವಳು ಕಾದಳು. ಅವರು ಹೊಳೆಯನ್ನು ನೋಡುತ್ತಾ ಮುಂದುವರಿಸಿದರು. "ನನಗೆ ಉಳಿದಿದ್ದು ನಮ್ಮಮ್ಮ. ನಾನು ದೊಡ್ಡ ಕುರ್ಚೀಲಿ ಕೂತ ದಿನ ಆಕೆ ಊರಿಗೆಲ್ಲ ಸಕ್ಕರೆ ಹಂಚಿದ್ಳು. ಆಮೇಲೆ ಹೆಚ್ಚು ಮಾತೇ ಆಡ್ಲಿಲ್ಲ. ಈಗ ಆಕೆ ಇಲ್ಲ. ಕನಸಿಗೆ ಬರ್ತಾಳೆ. ಬಂದ್ರೂ ಬಾಗಿಲಲ್ಲೇ ನಿಂತ್ಕೊಂಡು, 'ಒಳಗೆ ಬರಬಹುದಾ?' ಅಂತ ಕೇಳ್ತಾಳೆ. ಬಾಮ್ಮ ಅಂತೀನಿ. ಬಂದು ಗೋಡೆ ಬದೀಲಿ ಕೂತ್ಕೋತಾಳೆ, ಯಾರದ್ದೋ ಮನೆಗೆ ಬಂದ ಹಾಗೆ."

ಯಾರೂ ಅವಲಕ್ಕಿ ಮುಟ್ಟಲಿಲ್ಲ.

"ಅದಕ್ಕೋಸ್ಕರ ಬೇಡ ಅನ್ನಬೇಡಿ," ಎಂದರು ಅವರು, ತಾವು ಹೇಳಿದ್ದು ಜಾಸ್ತಿಯಾಯಿತು ಎನ್ನಿಸಿದವರಂತೆ. "ನಾನೇನೂ ಬೇಡ ಅಂದಿರಲಿಲ್ಲ. ನನಗೆ ಬೇಕಾಗಿತ್ತು. ಆ ಕೆಲಸ ನನಗೆ ಇಷ್ಟವೇ ಆಯ್ತು, ಕೊನೇ ದಿನದವರೆಗೂ. ಎರಡೂ ನಿಜ."

ಹೊರಡುವಾಗ ಪದ್ಮಾವತಮ್ಮ ಮಂದಾಕಿನಿಗೆ ಕುಂಕುಮ ಕೊಟ್ಟರು. ಗಂಡಸರು ಜಗಲಿಯಿಂದ ಇಳಿದಿದ್ದೆವು, ಆದರೂ ಅವರ ಮಾತು ನನಗೆ ಕೇಳಿಸಿತು. "ನಾನು ಕೈ ಹಿಡಿದ ದಿನದಿಂದ ಇವರಿಗೆ ನೀವು ಅಂತಲೇ ಅಂದೆ ಕಣಮ್ಮ. ಇವರು ಕುರ್ಚಿ ಹತ್ತಿದಾಗ ಎಲ್ಲರೂ ಅತ್ತೆಯ ನಾಲಿಗೆ ಹೊರಳ್ತು ಅಂತ ಅಯ್ಯೋ ಅಂದ್ರು. ನನ್ನದು ಹೊರಳೋಕೆ ಏನಿತ್ತು? ನನ್ನನ್ನ ಯಾರೂ ಕೇಳ್ಲೂ ಇಲ್ಲ." ಎಂದವರು 'ಕಣಮ್ಮ' ಎಂಬ ಸಲಿಗೆ ಹೇಗೋ ನುಸುಳಿ ಬಂದದ್ದಕ್ಕೆ ತಾವೇ ಬೆರಗಾಗಿ, "ಹೋಗಿ ಬನ್ನಿ," ಎಂದು ನಕ್ಕರು.

ದಂಡೆಯ ಮೇಲೆ ನಡೆದು ಬಂದೆವು. ಚಿಪ್ಪಿನ ದೋಣಿಗಳು ದಡಕ್ಕೆ ಬರುತ್ತಿದ್ದವು. ದೋಣಿಯವರು ನಮ್ಮನ್ನು ಕಂಡು, "ನಮಸ್ಕಾರ ಮೇಡಂ, ಹೋಗ್ತಾ ಇದ್ದೀರಾ? ಏನೋ ಗೋವರ್ಧನ, ಆರಾಮಾ?" ಎಂದು ಒಂದೇ ಉಸಿರಿನಲ್ಲಿ ಇಬ್ಬರನ್ನೂ ಎರಡು ಬಗೆಯಲ್ಲಿ ಮಾತಾಡಿಸಿದರು. ಗೋವರ್ಧನ ಎಂದರೆ ನಾನೇ. ಸ್ವಲ್ಪ ದೂರ ಬಂದ ಮೇಲೆ ಮಂದಾಕಿನಿ ನಿಂತಳು.

"ನೀವು ಬೇಡ ಅಂದ್ರೆ ಬಿಡ್ತೀನಿ," ಎಂದಳು.

ಇಷ್ಟು ದಿನ ನಾನು ಕಾಯುತ್ತಿದ್ದದ್ದು ಇದೇ ಮಾತಿಗೆ. ಬೇಡ ಎಂದು ನಾನಾಗಿ ಹೇಳಬಾರದು, ಅವಳಾಗಿ ಕೇಳಬೇಕು, ಆಗ ಹೇಳಿದರೆ ತಪ್ಪು ನನ್ನದಾಗುವುದಿಲ್ಲ ಎಂದು ಮನಸ್ಸು ಒಳಗೇ ಲೆಕ್ಕ ಹಾಕಿತ್ತು. ಈಗ ಕೇಳಿದಳು. ಬಾಯಿ ತೆರೆದೆ. ಅವಳ ಮುಖ ಆ ಬೆಳಕಿನಲ್ಲಿ ಕಾಣುತ್ತಿರಲಿಲ್ಲ, ಹುಬ್ಬು ಮಾತ್ರ. ಎರಡೂ ಹುಬ್ಬು ಒಂದಕ್ಕೊಂದು ಹತ್ತಿರ ಬಂದು ಏಟಿಗೆ ಕಾದವರ ಹುಬ್ಬಿನಂತೆ ಬಿಗಿದಿದ್ದವು.

"ನಿನಗೆ ಬೇಕಾ?" ಎಂದೆ.

"ಬೇಕು."

"ಯಾಕೆ?"

"ಅಚ್ಯುತಯ್ಯನವರನ್ನ ಯಾರಾದ್ರೂ ಯಾಕೆ ಅಂತ ಕೇಳಿದ್ರಾ?" ಎಂದಳು. ಸಿಟ್ಟಿರಲಿಲ್ಲ, ದಣಿವಿತ್ತು. "ದೊಡ್ಡ ಕಾರಣ ಏನೂ ಇಲ್ಲ ರೀ. ಒಂದೊಂದೇ ಕೆಲಸ ಕಲಿತಾ ಬಂದೆ. ಇನ್ನು ಆ ಒಂದು ಉಳಿದಿದೆ. ಅದನ್ನೂ ಮಾಡಿ ನೋಡ್ಬೇಕು ಅನ್ಸುತ್ತೆ. ಆದ್ರೆ ಮನೆಗೆ ಬಂದಾಗ ನೀವೂ ಎದ್ದು ನಿಂತ್ಕೊಂಡು ಬನ್ನಿ ಅಂದ್ರೆ ನಾನು ಎಲ್ಲಿಗೆ ಬರ್ಲಿ?"

ಅಷ್ಟು ಹೊತ್ತು ನಾನು ನನ್ನ ನಾಲಿಗೆಯ ಬಗ್ಗೆಯೇ ಯೋಚಿಸುತ್ತಿದ್ದೆ. ಅದು ಅವಳ ಕಿವಿಯ ವಿಷಯವೂ ಹೌದು ಎಂದು ನನಗೆ ತಟ್ಟಿದ್ದು ಆಗಲೇ. ನಾಚಿಕೆಯಾಯಿತು.

"ನೀನು ಹೋಗು," ಎಂದೆ. "ಹೋಗಿ ಕೂತ್ಕೋ. ಹಂಸದ ಮುಂದೆ ನಿಂತು ಅಷ್ಟು ದಿನ ಮಾತಾಡಿದ್ದು ಅಚ್ಯುತಯ್ಯನವರಿಗೆ ಬಿಟ್ಟುಕೊಡೋಕಾ? ನನ್ನದೇನು, ಹೇಗೋ ಆಗುತ್ತೆ." ಹೇಗೆ ಆಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಅವಳು ನನ್ನ ಮೊಣಕೈ ಹಿಡಿದುಕೊಂಡಳು, ಮನೆ ಬಾಗಿಲವರೆಗೂ ಬಿಡಲಿಲ್ಲ.

ಸೋಮವಾರ ಕ್ಯಾಮೆರಾ ಹೆಗಲಿಗೇರಿಸಿಕೊಂಡು ಕಂಪನಿಗೆ ಹೋದೆ. ಅವಳು ನನಗಿಂತ ಮುಂಚೆ ಹೊರಟಿದ್ದಳು. ಬಾಗಿಲಲ್ಲಿ ನಿಂತು ಬೇಕೆಂದೇ ತಡ ಮಾಡಿದಳು, ನಾನು "ಹೋಗಿ ಬಾ" ಎಂದೆ, ಅವಳು ಚಪ್ಪಲಿ ಸರಿಮಾಡಿಕೊಂಡಳು, ನಾನು ಇನ್ನೊಮ್ಮೆ "ಹೋಗಿ ಬಾ ಮಂದಿ" ಎಂದೆ. ಅದು ಕೊನೆಯದು. ಮೆಟ್ಟಿಲ ಬಳಿ ನಾನು ಮುಕ್ಕಾಲಿ ನಿಲ್ಲಿಸುವ ಹೊತ್ತಿಗೆ ಮೇಲಿನ ಕೋಣೆಯಲ್ಲಿ ಆದೇಶಕ್ಕೆ ಸಹಿ ಬಿದ್ದಿತ್ತು. ನೀಲಿ ಸೀರೆಯಲ್ಲಿ ಇಳಿದು ಬಂದು ಕುರ್ಚಿಯಲ್ಲಿ ಕೂತಳು. ಸುತ್ತ ನಿಂತಿದ್ದವರೆಲ್ಲ ನನ್ನ ಬಾಯನ್ನೇ ನೋಡುತ್ತಿದ್ದರು.

ನಡುಮಾತಿನಲ್ಲಿ ಪಾರಾಗಬಹುದಿತ್ತು. ತಲೆ ಎತ್ತಿದರೆ ಚೆನ್ನ, ಬೆಳಕು ಈ ಕಡೆ ಇದೆ, ಹೀಗೆ ಏನಾದರೂ. ಆದರೆ ಯಾಕೋ ಆ 'ನೀನು' ಕದ್ದುಮುಚ್ಚಿ ಹೋಗಲು ಬಿಡುವುದು ಬೇಡ ಎನ್ನಿಸಿತು. "ಮಂದಿ, ಈ ಕಡೆ ನೋಡು," ಎಂದು ಮನಸ್ಸಿನಲ್ಲಿ ಸ್ಪಷ್ಟವಾಗಿ ಹೇಳಿಕೊಂಡು ಬಾಯಿ ಬಿಟ್ಟೆ.

"ಮಂದಾಕಿನಿಯವರೇ, ಈ ಕಡೆ ನೋಡಿ," ಎಂದು ಬಂತು.

ಅವಳು ನೋಡಿದಳು. ಬೇರೆಯವರ ಮುಖದಲ್ಲಿ ಇರುತ್ತಿದ್ದ ಹೆಮ್ಮೆಯಾಗಲಿ ಪೆಚ್ಚಾಗಲಿ ಇರಲಿಲ್ಲ. ಕಳೆದುಕೊಂಡವರು ನೀವು, ನಾನು ನಿಮ್ಮನ್ನು ಸಮಾಧಾನ ಮಾಡಬೇಕು ಎನ್ನುವ ಹಾಗೆ ಇತ್ತು ಆ ನೋಟ. ಒತ್ತುವ ಹೊತ್ತಿಗೆ ಒತ್ತಲು ನನ್ನಿಂದ ಆಗಲಿಲ್ಲ. ಕಪ್ಪು ಬಟ್ಟೆಯೊಳಗೆ ತಲೆ ಹುದುಗಿಸಿ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಹಾಗೆಯೇ ನಿಂತಿದ್ದೆ. ಆ ಫೋಟೊ ಅಷ್ಟು ಚೆನ್ನಾಗಿ ಬಂದಿಲ್ಲ, ಗೋಡೆಯ ಮೇಲಿದೆ, ಬೇಕಾದರೆ ನೋಡಬಹುದು. ಬಾಯಿಗೆ ಬಾರದ್ದು ಕೈಗೆ ಬರುತ್ತದೆ ಎಂದು ನನಗೆ ಆಮೇಲೆ ಗೊತ್ತಾಯಿತು. ಅದಕ್ಕೇ ಇಲ್ಲಿ ಅವಳನ್ನು ಅವಳು ಎಂದೇ ಮನಸಾರೆ ಬರೆಯುತ್ತಿದ್ದೇನೆ. ಇದನ್ನೇ ಓದಿ ಹೇಳು ಎಂದರೆ ನನ್ನಿಂದ ಆಗುವುದಿಲ್ಲ.

ಸಂಜೆ ಅವಳು ಬರುವ ಹೊತ್ತಿಗೆ ನಾನು ಸಿದ್ಧನಾಗಿದ್ದೆ. ಮಧ್ಯಾಹ್ನವಿಡೀ ಕತ್ತಲೆ ಕೋಣೆಯಲ್ಲಿ ಕೂತು ನಡುಮಾತಿನ ಅಭ್ಯಾಸ ಮಾಡಿಕೊಂಡಿದ್ದೆ. ಗೇಟಿನ ಸದ್ದಾಯಿತು. ಎದ್ದು ನಿಲ್ಲಬಾರದು ಎಂದುಕೊಂಡಿದ್ದರೂ ಎದ್ದು ನಿಂತಿದ್ದೆ.

"ಬಂದಾಯ್ತಾ?" ಎಂದೆ. "ಕಾಲಿಗೆ ನೀರು ಅಲ್ಲೇ ಇದೆ."

"ಹ್ಞೂಂ."

"ಆಫೀಸು ಹೇಗಿತ್ತೋ?"

"ಚೆನ್ನಾಗಿತ್ತು. ದೋಣಿ ಹಾಕೋ ಜಾಗ ಬದಲಾಯಿಸೋಕೆ ಹೇಳಿದೆ. ಮೊದಲನೇ ಸಹಿ ಅದಕ್ಕೇ ಹಾಕಿದ್ದು," ಎಂದಳು. ಹೇಳುವಾಗ ಮುಖ ಬೆಳಗಿತು. ಹಂಸದ ಮುಂದೆ ನಿಂತು ಹೇಳುತ್ತಿದ್ದ ಆ ಮಾತು ಇಂದು ನಿಜವಾಗಿತ್ತು. ನಾನು ಅವಳ ಹೆಗಲು ತಟ್ಟಿ 'ಭಲೇ, ಗೆದ್ದೆ ಬಿಡು' ಎನ್ನಬೇಕಿತ್ತು.

"ಒಳ್ಳೇದಾಯ್ತು," ಎಂದೆ. "ಕಾಫಿ ಆಗ್ತಾ ಇದೆ."

ಅವಳ ಮುಖದ ಬೆಳಕು ಅಲ್ಲಿಗೇ ನಿಂತಿತು. ಕಾಲು ತೊಳೆದು ಬಂದು ನಡುಮನೆಯ ಚಾಪೆಯ ಮೇಲೆ ಕೂತಳು. ನಾನು ಕಾಫಿ ತಂದಿಟ್ಟೆ. ಅವಳ ಲೋಟ ಅವಳ ಮುಂದೆ, ನನ್ನ ಲೋಟ ಸ್ವಲ್ಪ ದೂರದಲ್ಲಿ. ನನಗೆ ಎಲ್ಲಿ ಕೂರಬೇಕು ಎಂದು ತೋಚಲಿಲ್ಲ. ಕಂಬಕ್ಕೆ ಒರಗಿ ನಿಂತೆ. ಸಕ್ಕರೆ ಸರಿ ಇದೆಯೋ ಎಂದೆ, ಸರಿ ಇದೆ ಎಂದಳು. ತಿಂಡಿಗೆ ಏನಾದರೂ ಬೇಕಾಗಬಹುದೋ ಎಂದೆ, ಬೇಡ ಎಂದಳು. ಛತ್ರದಲ್ಲಿ ಇಳಿದುಕೊಂಡ ಇಬ್ಬರು ಪ್ರಯಾಣಿಕರು ಮಾತಾಡಿಕೊಂಡ ಹಾಗಿತ್ತು. ಹೊರಗೆ ಮುತ್ತಿನ ಬೆಳಕು ಕಿಟಕಿಯಿಂದ ಬಂದು ಇಬ್ಬರ ಮಧ್ಯೆ ನೆಲದ ಮೇಲೆ ಬಿದ್ದಿತ್ತು. ನನಗೆ ಅಳು ಬರುತ್ತಿತ್ತು, ಅದನ್ನೂ ಯಾವ ವಚನದಲ್ಲಿ ಅಳಬೇಕೋ ತಿಳಿಯಲಿಲ್ಲ.

ಅವಳು ಲೋಟ ಕೆಳಗಿಟ್ಟಳು. "ರೀ," ಎಂದಳು. ಅಲ್ಲಿಗೇ ನಿಲ್ಲಿಸಿ ತಲೆ ಅಲ್ಲಾಡಿಸಿದಳು. ತುಟಿ ಒಂದೆರಡು ಸಲ ಸದ್ದಿಲ್ಲದೆ ಅಲುಗಿತು. ಸಭೆಯಲ್ಲಿ ಮಾತಾಡಲು ಕಲಿಯುತ್ತಿದ್ದ ಮೊದಲ ದಿನಗಳಲ್ಲಿ ಹಾಗೆ ಮಾಡುತ್ತಿದ್ದಳು.

"ಬಾ ಇಲ್ಲಿ," ಎಂದಳು.

ನಾನು ತಿರುಗಿ ಬಾಗಿಲ ಕಡೆ ನೋಡಿದೆ. ಯಾರೂ ಬಂದಿರಲಿಲ್ಲ. ಪಕ್ಕದ ಮನೆಯ ಮಗುವೇನಾದರೂ ಕಿಟಕಿಯ ಬಳಿ ಇದೆಯೋ ಎಂದು ಅಲ್ಲಿಯೂ ಬಗ್ಗಿ ನೋಡಿದೆ.

"ನಿನಗೇ ಹೇಳಿದ್ದು ಗೋವರ್ಧನ," ಎಂದಳು.

ಮದುವೆಯಾದಂದಿನಿಂದ ಅವಳು ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. ನನ್ನ ಹೆಸರು ಅಷ್ಟು ಚೆನ್ನಾಗಿದೆ ಎಂದು ನನಗೆ ಗೊತ್ತಿರಲಿಲ್ಲ. ಹೇಳುವಾಗ ಅವಳ ನಾಲಿಗೆ ತಡವರಿಸಿತು, ಕೆನ್ನೆ ಕೆಂಪಾಯಿತು, ಆದರೂ ಕಣ್ಣು ಕೆಳಗಿಳಿಸಲಿಲ್ಲ. ಹಿಂದಿನ ದೊಡ್ಡ ಸಾಹೇಬರೆಲ್ಲ ಹೆಂಡತಿಯರನ್ನು ಮೊದಲಿನಿಂದಲೂ 'ನೀನು' ಎಂದೇ ಕರೆದವರು. ಹೊರಳುವುದು ಎದುರಿನವರ ನಾಲಿಗೆ, ಕುರ್ಚಿಯಲ್ಲಿ ಕೂತವರದಲ್ಲ. ತಮ್ಮ ಬಾಯಲ್ಲಿ ಉಳಿದದ್ದು ಏನೆಂದು ನೋಡುವ ಪ್ರಮೇಯವೇ ಅವರಿಗೆ ಬಂದಿರಲಿಲ್ಲ. ಇವಳು ನೋಡಿದ್ದಳು.

"ಏನಂದ್ರಿ?" ಎಂದೆ. ನಾನು ಕೇಳಬೇಕೆಂದದ್ದು ಬೇರೆ, ನಾಲಿಗೆಗೆ ಅಷ್ಟೇ ಸಾಧ್ಯವಾಯಿತು.

"ಕೂತ್ಕೋ ಅಂದೆ. ಇಲ್ಲಿ, ಪಕ್ಕದಲ್ಲಿ." ಈ ಸಲ ಅವಳ ಮಾತು ತಡವರಿಸಲಿಲ್ಲ. "ಎಷ್ಟು ಹೊತ್ತು ನಿಂತಿರ್ತೀಯೋ? ನಿನ್ನ ಕಾಫಿ ಆರಿ ಹೋಗುತ್ತೆ."

ನಾನು ಹೋಗಿ ಕೂತೆ.